ಒಂಬತ್ತನೆಯ ಪಾಠದ ನಂತರ

ಕುಂಬಾರಕೊಪ್ಪಲು, ಮೈಸೂರು
3 ಫೆಬ್ರವರಿ 1994

ಶ್ರೀಮತಿ ಗಿರಿಜಾಂಬಾ ಅವರಿಗೆ ನಮಸ್ಕಾರಗಳು.

ಅಂಚೆಯಲ್ಲಿ ನೀವು ಕಳುಹಿಸುತ್ತಿರುವ ಸ್ಪ್ಯಾನಿಷ್ ಪಾಠಗಳಲ್ಲಿ ಒಂಬತ್ತನೆಯದು ಸೋಮವಾರ ತಲುಪಿತು. ಇದುವರೆಗೆ ಅಭ್ಯಾಸದ ಹಾಳೆಗಳನ್ನಷ್ಟೇ ಕಳುಹಿಸುತ್ತಿದ್ದೆ, ಪತ್ರ ಬರೆದಿರಲಿಲ್ಲ. ಈಗ ಒಂದು ತೊಡಕು ಬಂದಿರುವುದರಿಂದ ನಾನು ಯಾರೆಂದು ಹೇಳಬೇಕಾಗಿದೆ.

ನನಗೆ ಮೂವತ್ತೊಂಬತ್ತು ವರ್ಷ. ದೇವರಾಜ ಮೊಹಲ್ಲಾದ ಒಂದು ಮುದ್ರಣಾಲಯದಲ್ಲಿ ಹದಿನಾರು ವರ್ಷಗಳಿಂದ ಪ್ರೂಫ್ ತಿದ್ದುತ್ತಿದ್ದೇನೆ. ಅಕ್ಕ ಪುಟ್ಟಬಸಮ್ಮನ ಜೊತೆ ವಾಸ. ಬೇರೆ ದೇಶಗಳ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದುವುದು ನನ್ನ ಒಂದೇ ಹವ್ಯಾಸ. ಹಾಗೆ ಓದಿದ್ದರಲ್ಲಿ 'ಉಪ್ಪಿನ ಗೋದಾಮು' ಎಂಬುದೊಂದು ಚಿಕ್ಕ ಕಾದಂಬರಿ. ಸ್ಪೇನಿನ ಕಡಲ ತೀರದಲ್ಲಿ ಉಪ್ಪಿನ ಮೂಟೆ ತೂಗುವ ಹೆಂಗಸೊಬ್ಬಳು, ಗಂಡ ಉಪ್ಪಿನ ರಾಶಿಯಡಿ ಸಿಕ್ಕಿ ಸತ್ತ ದಿನವೇ ನ್ಯಾಯಾಧಿಕಾರಿಯ ಮುಂದೆ ಹೇಳಿಕೆ ಕೊಡುತ್ತಾಳೆ. ಇಡೀ ಪುಸ್ತಕ ಆ ಹೇಳಿಕೆ. ಮೂಲ ಪ್ರತಿಯನ್ನು ಮದ್ರಾಸಿನ ಅಂಗಡಿಯೊಂದರ ಮೂಲಕ ತರಿಸಲು ಹನ್ನೊಂದು ತಿಂಗಳು ಹಿಡಿಯಿತು.

ಕುವೆಂಪುನಗರದಲ್ಲಿ ನಾಗಾರ್ಜುನ ಎಂಬ ಪ್ರಕಾಶಕರಿದ್ದಾರೆ. ನಡುವೆ ಇಂಗ್ಲಿಷ್ ಇಲ್ಲದೆ ನೇರವಾಗಿ ಮೂಲಭಾಷೆಯಿಂದ ಬಂದ ಅನುವಾದಗಳ ಮಾಲೆಯೊಂದನ್ನು ಶುರು ಮಾಡಿದ್ದಾರೆ. ಈ ಕಾದಂಬರಿಯನ್ನು ನವೆಂಬರಿನಲ್ಲಿ ತರಲು ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ಭಾಷೆ ಬಲ್ಲವರೊಬ್ಬರು ಅನುವಾದವನ್ನು ಮೂಲದ ಜೊತೆ ಓದಿ ನೋಡಿ ಮುನ್ನುಡಿ ಬರೆದುಕೊಡಬೇಕು. ಅದನ್ನು ನಿಮ್ಮಿಂದ ಬರೆಸಬೇಕೆಂದು ನನ್ನಾಸೆ. ಇಷ್ಟು ವರ್ಷ ಬೇರೆಯವರ ಹೆಸರಿನ ಕಾಗುಣಿತ ತಿದ್ದಿದ್ದೇನೆ. ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ.

ತೊಡಕು ಇದು. ಇಂಗ್ಲಿಷಿನಲ್ಲಿ ಕಾದಂಬರಿಯ ಮೊದಲ ವಾಕ್ಯ, ನಾನು ನಲವತ್ತು ಮೂಟೆ ತೂಗಿದೆ. ಮೂಲದಲ್ಲಿ ತೂಗುವ ಕ್ರಿಯಾಪದದ ಮುಂದೆ ಇನ್ನೊಂದು ಪದ ಅಂಟಿಕೊಂಡಿದೆ. ಪುಟದ ತುಂಬ ಹೀಗೆಯೇ. ನಿಮ್ಮ ಒಂಬತ್ತನೆಯ ಪಾಠ ಇದರ ಬಗ್ಗೆಯೇ ಇರುವಂತಿದೆ, ಆದರೆ ನಾಲ್ಕು ಸಲ ಓದಿದರೂ ನನಗೆ ಹಿಡಿತಕ್ಕೆ ಬಂದಿಲ್ಲ.

ತಮ್ಮ ವಿಶ್ವಾಸಿ,
ಸಿದ್ದಲಿಂಗಸ್ವಾಮಿ


ದೆಹಲಿ
16 ಫೆಬ್ರವರಿ 1994

ಶ್ರೀ ಸಿದ್ದಲಿಂಗಸ್ವಾಮಿ ಅವರಿಗೆ,

ಎಂಟು ಪಾಠಗಳಲ್ಲಿ ಒಂದು ಪ್ರಶ್ನೆಯನ್ನೂ ಕೇಳದವರು ಇದ್ದಕ್ಕಿದ್ದಂತೆ ಪುಸ್ತಕ ಅಚ್ಚು ಹಾಕಿಸುವ ಮಾತು ಬರೆದಿದ್ದೀರಿ. ಇರಲಿ. ನಾನೂ ಮೈಸೂರಿನವಳೇ. ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ದಕ್ಷಿಣ ಅಮೆರಿಕದ ಒಂದು ದೇಶದ ರಾಯಭಾರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅನುವಾದಕಿಯಾಗಿದ್ದೆ. ನಿಮ್ಮ ಕಾದಂಬರಿಯನ್ನು ಎಂದೋ ಓದಿದ್ದೇನೆ. ನನ್ನ ಬಳಿ ಅದರ ಪ್ರತಿಯಿದೆ.

ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಇಂಗ್ಲಿಷ್ ಅಕ್ಷರ ಕಂಡರೆ ನೀವು ಇಂಗ್ಲಿಷಿನಂತೆಯೇ ಓದುತ್ತೀರಿ. ಈ ಕಾಲಕ್ಕೆ ಎರಡು ತುಂಡು. ಮೊದಲನೆಯದು 'ಆಬೇರ್' ಎಂಬ ಸಹಾಯಕ ಕ್ರಿಯಾಪದ. ಯಾರು ಎಂಬುದನ್ನು ಅದು ಹೇಳುತ್ತದೆ. ನಾನು ಎಂದರೆ ಎ, ನೀನು ಎಂದರೆ ಆಸ್, ಅವನು ಅಥವಾ ಅವಳು ಎಂದರೆ ಆ, ನಾವು ಎಂದರೆ ಎಮೋಸ್, ನೀವೆಲ್ಲ ಎಂದರೆ ಆಬೆಯಿಸ್, ಅವರು ಎಂದರೆ ಆನ್. ಎರಡನೆಯ ತುಂಡು ಏನು ಮಾಡಿದರು ಎಂಬುದನ್ನು ಹೇಳುತ್ತದೆ. 'ಆರ್' ಎಂದು ಮುಗಿಯುವ ಕ್ರಿಯಾಪದ 'ಆದೊ' ಆಗುತ್ತದೆ. 'ಏರ್', 'ಈರ್' ಎಂದು ಮುಗಿಯುವವು 'ಈದೊ'. ತೂಗುವುದು ಪೆಸಾರ್, ತೂಗಿದ್ದೇನೆ ಎನ್ನಲು ಎ ಪೆಸಾದೊ. ಕೆಲವು ಹಟಮಾರಿಗಳಿವೆ. ಬರೆದದ್ದು ಎಸ್ಕ್ರೀತೊ, ನೋಡಿದ್ದು ಬೀಸ್ತೊ, ಮಾಡಿದ್ದು ಏಚೊ, ಹೇಳಿದ್ದು ದೀಚೊ. ಇವನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ. ಎರಡು ತುಂಡುಗಳ ನಡುವೆ ಏನನ್ನೂ ತೂರಿಸಬೇಡಿ.

ಯಾವಾಗ ಬಳಸುವುದು? ಮಾತನಾಡುವವರ ಈ ದಿನ, ಈ ವಾರ, ಈ ವರ್ಷ ಇನ್ನೂ ಮುಗಿಯದಿದ್ದಾಗ. ನಿನ್ನೆ ಎಂದೊಡನೆ ಈ ಕಾಲಕ್ಕೆ ಬಾಗಿಲು ಮುಚ್ಚಿತು. ನನ್ನ ಕಚೇರಿಯವರು ಬೆಳಿಗ್ಗೆ ನಡೆದದ್ದನ್ನೂ ಸಾದಾ ಭೂತಕಾಲದಲ್ಲೇ ಹೇಳಿ ಮುಗಿಸುತ್ತಿದ್ದರು, ಅವರ ದೇಶದ ರೂಢಿ ಅದು. ಸ್ಪೇನಿನವರು ಹಾಗಲ್ಲ. ನಿಮ್ಮ ಕಾದಂಬರಿಯ ಹೆಂಗಸು ಎಲ್ಲವನ್ನೂ ಈ ಕಾಲದಲ್ಲೇ ಹೇಳುತ್ತಾಳೆ, ಏಕೆಂದರೆ ಅವಳಿಗೆ ಆ ದಿನ ಮುಗಿದಿಲ್ಲ. ಇಂಗ್ಲಿಷಿಗೆ ಅನುವಾದಿಸಿದವನು ಅದನ್ನು ಮುಗಿಸಿಬಿಟ್ಟಿದ್ದಾನೆ.

ಇಪ್ಪತ್ತು ವಾಕ್ಯಗಳ ಅಭ್ಯಾಸ ಲಗತ್ತಿಸಿದ್ದೇನೆ. ಮುನ್ನುಡಿಯ ಮಾತು ಆಮೇಲೆ.

ಗಿರಿಜಾಂಬಾ


ಮೈಸೂರು
7 ಮಾರ್ಚ್ 1994

ಗಿರಿಜಾಂಬಾ ಮೇಡಂ ಅವರಿಗೆ ನಮಸ್ಕಾರಗಳು.

ಇಪ್ಪತ್ತು ವಾಕ್ಯಗಳನ್ನೂ ಕಳುಹಿಸಿದ್ದೇನೆ. ಈ ಬಾರಿ ಸರಿಯಾಗಿವೆ ಎಂಬ ಧೈರ್ಯವಿದೆ. ನೀವು ಬರೆದ ಕಾರಣ ಓದಿದ ಮೇಲೆ ಈ ಪುಸ್ತಕವನ್ನು ಮೂಲದಿಂದಲ್ಲದೆ ಬೇರೆ ರೀತಿ ಮಾಡಲು ಮನಸ್ಸು ಒಪ್ಪುವುದಿಲ್ಲ. ಕನ್ನಡಕ್ಕೆ ಆ ಕಾಲ ಸರಾಗವಾಗಿ ಬರುತ್ತದೆ. ನಲವತ್ತು ಮೂಟೆ ತೂಗಿದ್ದೇನೆ, ಅವನ ಹೆಸರು ಕೂಗಿದ್ದೇನೆ, ಯಾರೂ ಬಂದಿಲ್ಲ. ಇಂಗ್ಲಿಷಿನಿಂದ ಬಂದಿದ್ದರೆ ತೂಗಿದೆ, ಕೂಗಿದೆ, ಬರಲಿಲ್ಲ ಎಂದಾಗುತ್ತಿತ್ತು.

ಊಟದ ವಿರಾಮದಲ್ಲಿ ರೂಪಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಜವರಪ್ಪ ನನ್ನ ಅಭ್ಯಾಸದ ಹಾಳೆಯ ಸ್ಪ್ಯಾನಿಷ್ ಅಕ್ಷರಗಳನ್ನು ನೋಡಿ, ಹ ಬರೆದಿದ್ದರೂ ಏಕೆ ಹೇಳುತ್ತಿಲ್ಲ ಎಂದು ಕೇಳಿದರು. ಈ ಭಾಷೆಯಲ್ಲಿ ಹ ಬರೆಯುತ್ತಾರೆ, ಉಚ್ಚರಿಸುವುದಿಲ್ಲ ಎಂದೆ. "ಅಂಗಾದ್ರೆ ಅವ್ರೂ ನಮ್ ಕಡೆಯೋರೇ ಬುಡಿ ಸ್ವಾಮ್ಯೋರೆ. ನಾನು ಅದನ್ನ ಉಟ್ದಾಗ್ನಿಂದ್ಲೂ ಬುಟ್ಬುಟ್ಟಿವ್ನಿ" ಎಂದರು. ಅಂದಿನಿಂದ ನನಗಿಂತ ಅವರ ಉಚ್ಚಾರಣೆಯೇ ಚೆನ್ನಾಗಿದೆ.

ಸಿದ್ದಲಿಂಗಸ್ವಾಮಿ


ದೆಹಲಿ
24 ಮಾರ್ಚ್ 1994

ಶ್ರೀ ಸಿದ್ದಲಿಂಗಸ್ವಾಮಿ ಅವರಿಗೆ,

ಇಪ್ಪತ್ತರಲ್ಲಿ ಹನ್ನೊಂದು ತಪ್ಪು.

ಅದರಲ್ಲಿ ಐದು ಕನ್ನಡದವರಷ್ಟೇ ಮಾಡುವ ತಪ್ಪುಗಳು. ನಿನ್ನೆ ಬಂದಿದ್ದಾರೆ ಎಂದು ನಾವು ಸಲೀಸಾಗಿ ಹೇಳುತ್ತೇವೆ, ನೀವು ಅದನ್ನೇ ಅಲ್ಲಿ ಹಾಕಿದ್ದೀರಿ. ಬಂದಿದ್ದಾಳೆ ಎನ್ನುವಾಗ ಹೆಣ್ಣೆಂದು ತೋರಿಸಲು ಎರಡನೆಯ ತುಂಡನ್ನು ತಿರುಚಿದ್ದೀರಿ. ಆಬೇರ್ ಜೊತೆ ಬಂದಾಗ ಅದು ಗಂಡಿಗೂ ಹೆಣ್ಣಿಗೂ ಒಂದೇ. ಬಂದಿಲ್ಲ ಎನ್ನಲು ಇಲ್ಲವನ್ನು ನಡುವೆ ತುರುಕಿದ್ದೀರಿ. ಅದು ಎರಡಕ್ಕೂ ಮುಂಚೆ ಬರಬೇಕು. ಈ ತಪ್ಪುಗಳಿಗೆ ನನಗೆ ಬೇಸರವಿಲ್ಲ.

ಉಳಿದ ಆರರ ಬಗ್ಗೆ ಬೇಸರವಿದೆ. ನಾನು ಕೊಟ್ಟ ವಾಕ್ಯಗಳಲ್ಲಿ ಕೊನೆಯ ಆರು ನಿಮ್ಮ ಕಾದಂಬರಿಯವು. ನೀವು ಅವುಗಳ ಕನ್ನಡ ಮಾಡಿದ್ದು ಸ್ಪ್ಯಾನಿಷ್ ಓದಿ ಅಲ್ಲ. ನ್ಯಾಯಾಧಿಕಾರಿಯ ಕೈಯಲ್ಲಿ ಟೋಪಿ ಇದೆ ಎಂದು ಬರೆದಿದ್ದೀರಿ. ಮೂಲದಲ್ಲಿ ಟೋಪಿಯೇ ಇಲ್ಲ. ಅದು ಇಂಗ್ಲಿಷಿನವನು ತೊಡಿಸಿದ್ದು ಇರಬೇಕು.

ಇಂಗ್ಲಿಷ್ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಬೀಗದ ಕೈ ನಿಮ್ಮಲ್ಲಿರಬಾರದು. ಇಲ್ಲವಾದರೆ ನನ್ನ ಮುನ್ನುಡಿ ಕೇಳಬೇಡಿ.

ಗಿರಿಜಾಂಬಾ


ಮೈಸೂರು
14 ಏಪ್ರಿಲ್ 1994

ಮೇಡಂ ಅವರಿಗೆ ನಮಸ್ಕಾರಗಳು.

ಇಂಗ್ಲಿಷ್ ಪುಸ್ತಕಕ್ಕೆ ಬೀಗ ಬಿದ್ದಿದೆ. ಬೀಗದ ಕೈ ಅಕ್ಕ ಸೊಂಟಕ್ಕೆ ಸಿಕ್ಕಿಸಿದ ಸೆರಗಿನಲ್ಲಿದೆ. ಕೊಡುವಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದ್ಯಾವ ಪುಸ್ತ್ಕಾನೋ ಬೀಗ ಆಕಿ ಇಡೋವಂಥದ್ದು? ಈ ವಯಸ್ನಲ್ಲಿ ನಿಂಗೇನೋ ಬಂತು?" ಎಂದಳು. ಎಷ್ಟು ವಿವರಿಸಿದರೂ ಅವಳ ಅನುಮಾನ ಹೋಗಿಲ್ಲ.

ಈಗ ನನ್ನ ಸ್ಥಿತಿ ಕೇಳಿ. ಹದಿನೆಂಟು ದಿನಗಳಲ್ಲಿ ಒಂದು ಪುಟ ಮುಗಿಸಿದ್ದೇನೆ. ಕ್ರಿಯಾಪದ ಸಿಕ್ಕಿದರೆ ನಾಮಪದ ಸಿಕ್ಕುವುದಿಲ್ಲ, ಎರಡೂ ಸಿಕ್ಕಿದರೆ ವಾಕ್ಯದ ತಲೆ ಯಾವುದು ಬಾಲ ಯಾವುದು ತಿಳಿಯುವುದಿಲ್ಲ. ಹಿಂದೆ ಓದಿ ಮೆಚ್ಚಿದ್ದ ಜಾಗಗಳೇ ಗೋಡೆಯಂತೆ ನಿಂತಿವೆ. ಪುಸ್ತಕ ನೂರ ನಲವತ್ತು ಪುಟ. ನಾಗಾರ್ಜುನ ಅವರು ಬಿಡುಗಡೆಗೆ ನವೆಂಬರ್ ಆರನೆಯ ತಾರೀಖು ಗೊತ್ತು ಮಾಡಿ ಸಭಾಂಗಣವನ್ನೂ ಹಿಡಿದಿದ್ದಾರೆ. ಇಡೀ ಕಾದಂಬರಿ ಒಂದೇ ಕಾಲದಲ್ಲಿ ಇರುವುದರಿಂದ ಹತ್ತರಿಂದ ಇಪ್ಪತ್ತನಾಲ್ಕರವರೆಗಿನ ಪಾಠಗಳನ್ನು ಸದ್ಯಕ್ಕೆ ಬಿಟ್ಟು, ಈ ಪುಸ್ತಕಕ್ಕೆ ಬೇಕಾದಷ್ಟನ್ನು ಮಾತ್ರ ಹೇಳಿಕೊಡಬಹುದೇ?

ಸಿದ್ದಲಿಂಗಸ್ವಾಮಿ


ದೆಹಲಿ
27 ಏಪ್ರಿಲ್ 1994

ಶ್ರೀ ಸಿದ್ದಲಿಂಗಸ್ವಾಮಿ ಅವರಿಗೆ,

ಆಗುವುದಿಲ್ಲ.

ಅಂಚೆಯಲ್ಲಿ ನನ್ನಿಂದ ಕಲಿಯಲು ಹೊರಟವರು ಇದುವರೆಗೆ ಹದಿನಾಲ್ಕು ಜನ. ಒಬ್ಬರೂ ಒಂಬತ್ತನೆಯ ಪಾಠ ದಾಟಿಲ್ಲ. ಎಲ್ಲರೂ ಇಲ್ಲೇ ಬಂದು, ಇಷ್ಟು ಸಾಕು ಎಂದು ಇಳಿದುಹೋದವರು. ನೀವು ಹಾಗಲ್ಲ ಎಂದುಕೊಂಡಿದ್ದೆ. ಪ್ರೂಫ್ ತಿದ್ದುವವರಿಗೆ ಅರ್ಧಂಬರ್ಧದ ಮೇಲೆ ಸಿಟ್ಟಿರುತ್ತದೆ ಎಂದು ನನ್ನ ಲೆಕ್ಕ.

ದಿನಕ್ಕೆ ನಾಲ್ಕೇ ಸಾಲು ಮಾಡಿ. ನವೆಂಬರಿಗೆ ಆಗದಿದ್ದರೆ ಮುಂದಿನ ನವೆಂಬರಿಗೆ ಆಗಲಿ. ಸಭಾಂಗಣ ಎಲ್ಲೂ ಹೋಗುವುದಿಲ್ಲ. ಹತ್ತನೆಯ ಪಾಠ ಇದರ ಜೊತೆಗಿದೆ.

ಗಿರಿಜಾಂಬಾ


ದೆಹಲಿ
18 ಜುಲೈ 1994

ಶ್ರೀ ಸಿದ್ದಲಿಂಗಸ್ವಾಮಿ ಅವರಿಗೆ,

ಹತ್ತನೆಯ ಪಾಠದ ಅಭ್ಯಾಸ ಬಂದಿಲ್ಲ. ಹನ್ನೊಂದನ್ನು ಕಳುಹಿಸಲೋ ಬೇಡವೋ, ಒಂದು ಕಾರ್ಡಿನಲ್ಲಿ ತಿಳಿಸಿ. ನನ್ನ ಏಪ್ರಿಲ್ ಪತ್ರ ಖಾರವಾಗಿತ್ತು ಎಂದು ಸುಮ್ಮನಾಗಿದ್ದರೆ, ಅದು ಖಾರವಾಗಿತ್ತು ಎಂದು ಒಪ್ಪುತ್ತೇನೆ.

ಗಿರಿಜಾಂಬಾ


ಮೈಸೂರು
10 ಸೆಪ್ಟೆಂಬರ್ 1994

ಮೇಡಂ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಕೆಲಸದಲ್ಲಿ ಮುಳುಗಿದ್ದೆ. 'ಉಪ್ಪಿನ ಗೋದಾಮು' ಕನ್ನಡದಲ್ಲಿ ಪೂರ್ತಿಯಾಗಿದೆ. ಹಸ್ತಪ್ರತಿಯ ಒಂದು ನಕಲನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಮೂಲದ ಕಾಲವನ್ನು ಮೊದಲಿನಿಂದ ಕೊನೆಯವರೆಗೆ ಉಳಿಸಿಕೊಂಡಿದ್ದೇನೆ, ಎಲ್ಲೂ ಸಡಿಲವಾಗಿಲ್ಲ. ಇನ್ನೊಂದು ಪ್ರತಿ ನಾಗಾರ್ಜುನ ಅವರ ಕೈಗೆ ಹೋಗಿದೆ. ನಾನಿರುವ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದೆ.

ನಿಮಗೆ ತಿಳಿದಿರಬಹುದು, ಪುಸ್ತಕದ ಒಳಪುಟಗಳೆಲ್ಲ ಅಚ್ಚಾದ ಮೇಲೆಯೇ ಶೀರ್ಷಿಕೆ ಪುಟ, ಮುನ್ನುಡಿಗಳ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆ, ಯಂತ್ರಕ್ಕೆ ಹೋಗುವುದು. ಅಕ್ಟೋಬರ್ ಮೊದಲ ವಾರದೊಳಗೆ ನಿಮ್ಮ ಮುನ್ನುಡಿ ಬಂದರೆ ಸಾಕು. ಒಂದು ಪುಟವಾದರೂ ಸರಿಯೇ.

ಸಿದ್ದಲಿಂಗಸ್ವಾಮಿ


ದೆಹಲಿ
3 ಅಕ್ಟೋಬರ್ 1994

ಪ್ರಿಯ ಸಿದ್ದಲಿಂಗಸ್ವಾಮಿ ಅವರೇ,

ಮುನ್ನುಡಿ ಇದರ ಜೊತೆಗಿದೆ. ನಿಮ್ಮ ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಓದಿದ್ದೇನೆ. ಹತ್ತನೆಯ ಪಾಠ ಮಾಡದೆಯೂ ನೀವು ಗೆದ್ದಿದ್ದೀರಿ. ನನ್ನ ಹಟ ತಪ್ಪಾಗಿತ್ತು ಎಂದುಕೊಳ್ಳಬೇಕಾಗಿದೆ.

ಕೊನೆಯ ಎರಡು ಪುಟಗಳ ಬಗ್ಗೆ ಮುನ್ನುಡಿಯಲ್ಲೇ ಬರೆದಿದ್ದೇನೆ. ಹೇಳಿಕೆ ಕೊಟ್ಟು ಮನೆಗೆ ಬಂದವಳು ಗಂಡ ಬೆಳಿಗ್ಗೆ ಬಿಚ್ಚಿಟ್ಟು ಹೋದ ಅಂಗಿಯನ್ನು ಒಗೆಯುತ್ತಾಳಲ್ಲ, ಉಪ್ಪು ಪೂರ್ತಿ ಹೋಗಿದೆಯೋ ಇಲ್ಲವೋ ಎಂದು ಒದ್ದೆ ತೋಳನ್ನು ನಾಲಗೆಗೆ ತಾಗಿಸಿ ನೋಡುತ್ತಾಳಲ್ಲ, ಆ ಜಾಗ. ಅದು ಕನ್ನಡದಲ್ಲಿ ಹೀಗೆ ಬಂದದ್ದಕ್ಕೆ ನಿಮಗೆ ಕೃತಜ್ಞಳಾಗಿದ್ದೇನೆ. ಈ ದಿನಗಳಲ್ಲಿ ಅದನ್ನು ಮತ್ತೆ ಮತ್ತೆ ಓದಿದ್ದೇನೆ.

ಗಿರಿಜಾಂಬಾ


ಮೈಸೂರು
16 ಅಕ್ಟೋಬರ್ 1994

ಮೇಡಂ ಅವರಿಗೆ ನಮಸ್ಕಾರಗಳು.

ಮುನ್ನುಡಿ ಹನ್ನೊಂದರಂದು ಬಂತು. ಮೊಳೆ ಜೋಡಣೆಗೆ ಹೋಗಿದೆ. ಆಯುಧಪೂಜೆಗೆ ಯಂತ್ರ ನಿಲ್ಲಿಸುವ ಮೊದಲು ಒಳಗಿನ ಒಂಬತ್ತು ಫಾರಂಗಳೂ ಅಚ್ಚಾಗಿ ಮುಗಿದಿವೆ.

ಒಂದು ಸಣ್ಣ ವಿಷಯ. ಅಂಗಿ ಒಗೆಯುವ ಸಂದರ್ಭ ನಾನು ಕಳುಹಿಸಿದ ಹಸ್ತಪ್ರತಿಯಲ್ಲಿ ಎಷ್ಟನೆಯ ಪುಟದಲ್ಲಿದೆ ಎಂದು ದಯವಿಟ್ಟು ತಿಳಿಸಬೇಕು. ಪ್ರೂಫ್ ನೋಡಲು ಬೇಕಾಗಿದೆ.

ಸಿದ್ದಲಿಂಗಸ್ವಾಮಿ


ದೆಹಲಿ
23 ಅಕ್ಟೋಬರ್ 1994

ಶ್ರೀ ಸಿದ್ದಲಿಂಗಸ್ವಾಮಿ ಅವರಿಗೆ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಪುಟದ ಸಂಖ್ಯೆ ಕೇಳಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ ಎನಿಸಿತು. ನೀವು ಮಾಡುತ್ತಿದ್ದುದೂ ಅದನ್ನೇ.

ಆಗಸ್ಟಿನಿಂದ ನನ್ನ ಯಜಮಾನರು ಆಸ್ಪತ್ರೆಯಲ್ಲಿದ್ದಾರೆ. ನಿಮಗೆ ತಿಳಿಸುವ ವಿಷಯ ಅಲ್ಲವೆಂದು ಬರೆಯಲಿಲ್ಲ. ನಿಮ್ಮ ಹಸ್ತಪ್ರತಿಯ ಮೊದಲ ಮೂವತ್ತು ಪುಟ ಓದಿದೆ. ಚೆನ್ನಾಗಿತ್ತು. ಆಮೇಲೆ ಅವರ ಮಂಚದ ಪಕ್ಕ ಕುಳಿತು ಸ್ಪ್ಯಾನಿಷ್ ಪುಸ್ತಕವನ್ನೇ ಓದಿ ಮುಗಿಸಿದೆ. ನಿಮ್ಮ ಕಟ್ಟು ಮೇಜಿನ ಮೇಲೆ ಹಾಗೇ ಉಳಿಯಿತು. ನೀವು ತಾರೀಖು ಕೊಟ್ಟಿದ್ದಿರಿ, ನನಗೆ ನಿಮ್ಮ ಮೇಲೆ ನಂಬಿಕೆ ಬಂದಿತ್ತು. ಪೂರ್ತಿ ಓದಿದ್ದೇನೆ ಎಂದು ಬರೆದೆ. ಅದು ಸುಳ್ಳು.

ನಿನ್ನೆ ಕಟ್ಟು ಬಿಚ್ಚಿ ಕೊನೆಯ ಪುಟ ನೋಡಿದೆ. ಅವಳು ನ್ಯಾಯಾಧಿಕಾರಿಯ ಕಚೇರಿಯ ಮೆಟ್ಟಿಲು ಇಳಿಯುತ್ತಾಳೆ, ನಿಮ್ಮ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅಂಗಿ ಇಲ್ಲ. ನೀರು ಇಲ್ಲ. ನೀವು ಸಂಕೋಚದ ಮನುಷ್ಯರು. ಹೆಂಗಸೊಬ್ಬಳು ಸತ್ತ ಗಂಡನ ಬಟ್ಟೆಯನ್ನು ನಾಲಗೆಗೆ ತಾಗಿಸುವುದು ನಮ್ಮ ಓದುಗರಿಗೆ ಸರಿಬರುವುದಿಲ್ಲ ಎಂದು ಬಿಟ್ಟಿದ್ದೀರೇನೋ. ಹಾಗಿದ್ದರೆ ತಪ್ಪು ಮಾಡಿದ್ದೀರಿ. ಪುಸ್ತಕ ಬರೆದದ್ದೇ ಆ ಪುಟಗಳಿಗಾಗಿ. ಏಕೆ ಬಿಟ್ಟಿರಿ?

ಗಿರಿಜಾಂಬಾ


ಮೈಸೂರು
30 ಅಕ್ಟೋಬರ್ 1994, ಭಾನುವಾರ

ಮೇಡಂ ಅವರಿಗೆ,

ನಿಮ್ಮ ಯಜಮಾನರ ವಿಷಯಕ್ಕೆ ಏನು ಬರೆಯಬೇಕೆಂದು ತಿಳಿಯದೆ ಮೂರು ಹಾಳೆ ಹರಿದಿದ್ದೇನೆ. ಅವರು ಬೇಗ ಮನೆಗೆ ಬರಲಿ. ನನಗೆ ಇಷ್ಟೇ ಬರುತ್ತದೆ.

ನಾನು ಆ ಪುಟಗಳನ್ನು ಬಿಟ್ಟದ್ದು ಸಂಕೋಚದಿಂದಲ್ಲ. ಹಾಗೆಂದು ಒಪ್ಪಿಕೊಂಡುಬಿಡೋಣ ಎಂದು ನಿನ್ನೆ ಇಡೀ ದಿನ ಅನ್ನಿಸಿತು. ನೀವೇ ಒದಗಿಸಿದ ಕಾರಣ, ಕೇಳಲು ಗೌರವಯುತವಾಗಿಯೂ ಇತ್ತು. ನಿಜ ಬೇರೆ. ಆ ಪುಟಗಳು ಇವೆ ಎಂದೇ ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಅವು ಇಲ್ಲ. ಆ ಅನುವಾದಕ ಬಿಟ್ಟನೋ, ಅವನ ಪ್ರಕಾಶಕ ತೆಗೆದನೋ, ಮೆಟ್ಟಿಲು ಇಳಿಯುವುದರೊಂದಿಗೆ ಅಲ್ಲಿ ಪುಸ್ತಕ ಮುಗಿಯುತ್ತದೆ.

ಮೇ ಎಂಟನೆಯ ತಾರೀಖು ಅಕ್ಕನನ್ನು ಬೀಗದ ಕೈ ಕೇಳಿದೆ. "ತಗೋ ಮಾರಾಯ, ನಂಗೂ ಸೊಂಟಕ್ಕೆ ಚುಚ್ಚಿ ಚುಚ್ಚಿ ಸಾಕಾಗಿತ್ತು" ಎಂದು ಕೊಟ್ಟಳು. ಒಂದು ಮಾತು ತಡೆದಿದ್ದರೆ ವಾಪಸ್ಸು ಬರುತ್ತಿದ್ದೆನೇನೋ. ಅವಳ ಮೇಲೆ ತಪ್ಪು ಹೊರಿಸುತ್ತಿಲ್ಲ. ಅಂದಿನಿಂದ ಇಡೀ ಕಾದಂಬರಿಯನ್ನು ಇಂಗ್ಲಿಷಿನಿಂದಲೇ ಮಾಡಿದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಕ್ರಿಯಾಪದಗಳನ್ನು ಮಾತ್ರ ನೋಡುತ್ತಿದ್ದೆ, ಕೊನೆಕೊನೆಗೆ ಅದನ್ನೂ ಬಿಟ್ಟೆ. ಇಂಗ್ಲಿಷಿನ ತೂಗಿದೆ, ಕೂಗಿದೆಗಳನ್ನು ನಿಮ್ಮ ಒಂಬತ್ತನೆಯ ಪಾಠದಂತೆ ತೂಗಿದ್ದೇನೆ, ಕೂಗಿದ್ದೇನೆ ಎಂದು ತಿದ್ದಿದೆ. ಪ್ರೂಫ್ ತಿದ್ದಿದ ಹಾಗೆಯೇ. ಕಾಲ ಸರಿಯಾಯಿತಲ್ಲ, ಮೂಲದಿಂದ ಮಾಡಿದಂತೆಯೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಜುಲೈನ ನಿಮ್ಮ ಪತ್ರಕ್ಕೆ ಉತ್ತರಿಸದಿದ್ದುದು ಅದಕ್ಕೇ. ನೀವು ಮೆಚ್ಚಿದ ಮೂವತ್ತು ಪುಟಗಳೂ ಆ ರೀತಿಯವೇ.

ಮುನ್ನುಡಿ ಬಂದ ದಿನ ಮೂಲ ಪುಸ್ತಕದ ಕೊನೆಯನ್ನು ಮೊದಲ ಸಲ ಸರಿಯಾಗಿ ತೆರೆದೆ. ಎರಡೂವರೆ ಪುಟಗಳಿದ್ದವು. ನಿಘಂಟು ಹಿಡಿದು ಓದಲು ಒಂಬತ್ತು ದಿನ ಹಿಡಿಯಿತು. ಹಿಂಡುವುದಕ್ಕೆ, ಅಂಗಿಯ ತೋಳಿಗೆ, ಕಲ್ಲಿಗೆ ಒಂದೊಂದಕ್ಕೂ ಹುಡುಕಿದೆ. ಯಾರೂ ನನಗೆ ಅರ್ಥ ಹೇಳಿರಲಿಲ್ಲ, ಆದರೂ ನಾಲಗೆಯ ವಾಕ್ಯಕ್ಕೆ ಬಂದಾಗ ಅದು ಏನೆಂದು ತಿಳಿಯಿತು. ಏಪ್ರಿಲಿನಲ್ಲಿ ನೀವು ಹೇಳಿದ ದಿನಕ್ಕೆ ನಾಲ್ಕು ಸಾಲು ಎಂದರೆ ಇದೇ ಎಂದು ಅರ್ಥವಾಯಿತು. ಅರ್ಥವಾಗುವ ಹೊತ್ತಿಗೆ ಒಂಬತ್ತು ಫಾರಂ ಅಚ್ಚಾಗಿತ್ತು.

ಶುಕ್ರವಾರ ನಾಗಾರ್ಜುನ ಅವರಿಗೆ ಅರ್ಧ ಹೇಳಿ ನೋಡಿದೆ, ಕೊನೆಯಲ್ಲಿ ಎರಡು ಪುಟ ಬಿಟ್ಟುಹೋಗಿದೆ ಎಂದು. ಅವರು ನಕ್ಕರು. "ಬುಡಿ ಸ್ವಾಮಿ, ಸ್ಪೇನಿಂದ ಯಾರ್ ಬಂದು ಲೆಕ್ಕ ಹಾಕ್ತಾರೆ? ಮುನ್ನುಡೀಲಿ ಆ ಅಂಗಿ ಇರೋ ಎರಡು ಸಾಲು ತೆಗೆದ್ಬುಡಿ, ಆಯ್ತು. ಮೇಡಂ ಸಹಿ ಇದೆಯಲ್ಲ" ಎಂದರು. ಆಹ್ವಾನಪತ್ರಿಕೆ ಆಗಲೇ ಹಂಚಿದ್ದಾರೆ. ಜವರಪ್ಪ ನನಗಾಗಿ ಶೀರ್ಷಿಕೆ ಪುಟದಲ್ಲಿ ನನ್ನ ಹೆಸರನ್ನು ಒಂದು ಅಳತೆ ದೊಡ್ಡ ಮೊಳೆಯಲ್ಲಿ ಜೋಡಿಸಿದ್ದಾರೆ. ಹೆಸರಿನ ಮೇಲೆ 'ಸ್ಪ್ಯಾನಿಷ್ ಮೂಲದಿಂದ ನೇರವಾಗಿ' ಎಂದಿದೆ.

ನಮ್ಮ ಪ್ರೆಸ್ಸಿನಲ್ಲಿ ಒಂದು ಕ್ರಮವಿದೆ. ಪ್ರೂಫಿನ ಮೇಲೆ ನಾನು 'ಮುದ್ರಿಸಬಹುದು' ಎಂದು ಬರೆದು ಸಹಿ ಹಾಕುವವರೆಗೆ ಯಾವ ಫಾರಂ ಕೂಡ ಯಂತ್ರ ಹತ್ತುವಂತಿಲ್ಲ. ಹದಿನಾರು ವರ್ಷದಲ್ಲಿ ಯಾರೂ ಅದನ್ನು ಮೀರಿಲ್ಲ, ಮಾಲೀಕರೂ ಸಹ. ಶೀರ್ಷಿಕೆ ಪುಟ, ಮುನ್ನುಡಿ ಇರುವ ಕೊನೆಯ ಫಾರಂನ ಪ್ರೂಫ್ ನನ್ನ ಮುಂದಿದೆ. ಎರಡು ಸಾಲು ಹೊಡೆದುಹಾಕಿ ಸಹಿ ಮಾಡುವುದು ಅರ್ಧ ನಿಮಿಷದ ಕೆಲಸ. ಹಾಗೆ ಮಾಡಿದರೆ ನನ್ನ ಸುಳ್ಳಿನ ಕೆಳಗೆ ನಿಮ್ಮ ಹೆಸರಿರುತ್ತದೆ, ನಿಮ್ಮ ಸುಳ್ಳಿನ ಕೆಳಗೂ ನಿಮ್ಮದೇ ಇರುತ್ತದೆ.

ಇವತ್ತು ಪ್ರೆಸ್ಸಿಗೆ ರಜೆ, ನಾಗಾರ್ಜುನ ಅವರೂ ಊರಲ್ಲಿಲ್ಲ. ನಾಳೆ ಹತ್ತು ಗಂಟೆಗೆ ಕುವೆಂಪುನಗರಕ್ಕೆ ಹೋಗಿ ಪೂರ್ತಿ ಹೇಳುತ್ತೇನೆ. ನಿಮ್ಮ ಮುನ್ನುಡಿಯನ್ನು ತೆಗೆಯಲು ಹೇಳುತ್ತೇನೆ. ಶೀರ್ಷಿಕೆ ಪುಟದಲ್ಲಿ 'ಇಂಗ್ಲಿಷ್ ಅನುವಾದದಿಂದ' ಎಂದು ಹಾಕಿದರೆ ಸಹಿ ಮಾಡುತ್ತೇನೆ, ಇಲ್ಲವಾದರೆ ಇಲ್ಲ. ಅಂಥ ಪುಸ್ತಕ ತಮ್ಮ ಮಾಲೆಗೆ ಬೇಡ ಎಂದು ಅವರು ಒಂಬತ್ತು ಫಾರಂಗಳನ್ನೂ ರದ್ದಿಗೆ ಹಾಕಬಹುದು. ಹಾಕಲಿ ಎಂದು ತೀರ್ಮಾನಿಸಿದ್ದೇನೆ.

ಸಿದ್ದಲಿಂಗಸ್ವಾಮಿ